ಒಬ್ಬ ಸಂತ, ಎರಡು ಬೆಟ್ಟ

ಡಬ್ಲಿನ್ನಿನಿಂದ ಉತ್ತರಾಭಿಮುಖವಾಗಿ ಹೊರಡುವ ರೈಲು, ಬಹುದೂರದವರೆಗೆ ಸಮುದ್ರತೀರವನ್ನೇ ಅನುಸರಿಸಿ, ಒಂದು ಪಕ್ಕದಲ್ಲಿ ಬೂದುಬಣ್ಣದ ನೀರನ್ನೂ ಇನ್ನೊಂದು ಪಕ್ಕದಲ್ಲಿ ಬೇಲಿ ಕಟ್ಟಿದ ಹಸುರು ಹೊಲಗಳನ್ನೂ ತೋರಿಸುತ್ತ, ಸುಮಾರು ಒಂದು ಗಂಟೆಯ ಹೊತ್ತಿಗೆ ಬಾಯ್ನ್ ನದಿಯ ದಡದಲ್ಲಿರುವ ಡ್ರೊಹೆಡಾ ಎಂಬ ಪಟ್ಟಣವನ್ನು ಮುಟ್ಟುತ್ತದೆ. ಐರ್ಲೆಂಡಿಗೂ ಇಂಗ್ಲೆಂಡಿಗೂ ಶತಮಾನಗಳ ಕಾಲ ನಡೆದುಬಂದ ವಿರೋಧವನ್ನು ಕುರಿತು ಓದಿದವರಿಗೆ ಅದರ ಕಾರಣವಾಗಿ ಎರಡು ಮಾತುಗಳು ಕೇಳಿಬರುತ್ತವೆ: ಕ್ಯಾಥೊಲಿಕ್ ಮತಕ್ಕೂ ಪ್ರಾಟೆಸ್ಟಂಟ್ ಮತಕ್ಕೂ ಇರುವ ವೈರವೇ ಇದರ ಮೂಲವೆಂದು ಕೆಲವರು ಹೇಳಿದರೆ, ಮತವೆಂಬುದು ಬರಿಯ ಮುಸುಕು, ಒಳಗಿರುವುದು ಭೂಮಿಯ ಆಸೆ ಮಾತ್ರವೆಂದು ಬೇರೆ ಕೆಲವರು ಹೇಳುತ್ತಾರೆ. ಈ ಎರಡು ಮಾತುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾನು ಆ ದೇಶದಲ್ಲಿ ಸಂಚರಿಸಿದೆನು; ಮತವು ಬರಿಯ ಮುಸುಕೆನ್ನುವ ಮಾತು ಮೊದಲನೆಯ ಊರಿನಲ್ಲಿಯೇ ನನ್ನ ಪಾಲಿಗೆ ಬಿದ್ದುಹೋಯಿತು.

ಡ್ರೊಹೆಡಾದ ಪೇಟೆಬೀದಿಯಲ್ಲಿ ಸಂತ ಪೀಟರನ ಹೆಸರಿನ ಕ್ಯಾಥೊಲಿಕ್ ಚರ್ಚೊಂದುಂಟು. ಅದರ ಒಳಗೆ, ಚಿನ್ನದ ಬಣ್ಣದ ಗೋಪುರದಂತಹ ಪೀಠದಲ್ಲಿ, ಗಾಜಿನ ಹಿಂದೆ, ಮನುಷ್ಯನೊಬ್ಬನ ಶಿರಸ್ಸು ಇದೆ. ಚರ್ಮವು ಕಂದುಗಪ್ಪಾಗಿ, ಹಳೆಯ ತೊಗಲಿನಂತೆ ಮೂಳೆಗೆ ಅಂಟಿಕೊಂಡಿದೆ. ಆದರೂ ಮುಖದ ಆಕಾರ ಕೆಟ್ಟಿಲ್ಲ. ಆರ್ಮಾದ ಮಹಾಧರ್ಮಾಧ್ಯಕ್ಷನಾಗಿದ್ದ ಆಲಿವರ್ ಪ್ಲಂಕೆಟ್ಟನದು ಈ ಶಿರಸ್ಸು. ಫ್ರೆಂಚರ ಸೈನ್ಯವನ್ನು ಐರ್ಲೆಂಡಿಗೆ ಕರೆತರಲು ಒಳಸಂಚು ಹೂಡಿದನೆಂಬ ಸುಳ್ಳು ಆರೋಪವನ್ನು ಅವನ ಮೇಲೆ ಹೊರಿಸಿ, ಐರ್ಲೆಂಡಿನಲ್ಲಿ ನಡೆದ ವಿಚಾರಣೆ ಫಲಿಸದಿರಲು ಅವನನ್ನು ಲಂಡನ್ನಿಗೆ ಒಯ್ದು, 1681ರಲ್ಲಿ ಟೈಬರ್ನ್ ಎಂಬಲ್ಲಿ ನೇಣಿಗೇರಿಸಿ, ದೇಹವನ್ನು ಕಡಿದರು. ನ್ಯೂಗೇಟ್ ಸೆರೆಮನೆಯಲ್ಲಿ ಅವನಿದ್ದ ಕೋಣೆಯ ಬಾಗಿಲನ್ನೂ ಚರ್ಚಿನಲ್ಲಿ ತಂದಿರಿಸಿದ್ದಾರೆ. ಕಬ್ಬಿಣದ ಮೊಳೆಗಳನ್ನು ಹೊಡೆದ ದಪ್ಪ ಮರದ ಬಾಗಿಲು. 1975ರಲ್ಲಿ ರೋಮಿನ ಧರ್ಮಗುರುಗಳು ಅವನನ್ನು ಸಂತನೆಂದು ಘೋಷಿಸಿದರು. ನಾನು ಹೋಗಿದ್ದಾಗ ಪೇಟೆಯ ಸಾಮಾನಿನ ಚೀಲವನ್ನು ಹಿಡಿದಿದ್ದ ಗೃಹಿಣಿಯೊಬ್ಬರು ಬಂದು, ಚೀಲವನ್ನು ಪಕ್ಕದಲ್ಲಿಟ್ಟು, ಆ ಪೀಠದ ಮುಂದೆ ಮೊಣಕಾಲೂರಿ ಕುಳಿತರು. ಮುಸುಕಿಗಾಗಿ ಯಾರೂ ಹೀಗೆ ಪ್ರಾಣ ಕೊಡುವುದಿಲ್ಲ. ಮೂರು ಶತಮಾನಗಳಾದ ಮೇಲೆ ಯಾರೂ ಅದರ ಮುಂದೆ ಮೊಣಕಾಲೂರುವುದೂ ಇಲ್ಲ.

ಅಲ್ಲಿಂದ ಸ್ವಲ್ಪ ಏರಿ ಹೋದರೆ ಇನ್ನೊಂದು ಚರ್ಚು. ಅದೂ ಸಂತ ಪೀಟರನದೇ, ಆದರೆ ಪ್ರಾಟೆಸ್ಟಂಟರದು. ಈಗಿನ ಕಟ್ಟಡವು ಹದಿನೆಂಟನೆಯ ಶತಮಾನದ್ದು. ಅದರ ಸ್ಥಾನದಲ್ಲಿ ಹಿಂದೆ ಇದ್ದ ಚರ್ಚಿನ ಗೋಪುರದಲ್ಲಿ, 1649ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಪಾರ್ಲಿಮೆಂಟಿನ ಪಕ್ಷದ ಸೇನಾಪತಿ ಆಲಿವರ್ ಕ್ರಾಮ್‌ವೆಲ್ಲನು ಈ ಪಟ್ಟಣವನ್ನು ಹಿಡಿದಾಗ, ಸುಮಾರು ನೂರು ಜನ ಅಡಗಿದ್ದರು. ಚರ್ಚಿನ ಬೆಂಚುಗಳನ್ನೇ ಕೆಳಗೆ ಒಟ್ಟಿಸಿ ಅವನು ಬೆಂಕಿ ಹಾಕಿಸಿದನು. ಊರಿನಲ್ಲಿ ಒಟ್ಟು ಸತ್ತವರು ಸಹಸ್ರಾರು. ಇದನ್ನು ಪಾರ್ಲಿಮೆಂಟಿಗೆ ವರದಿ ಮಾಡುವಾಗ ಅವನು ಇದು ಭಗವಂತನ ನ್ಯಾಯವಾದ ತೀರ್ಪೆಂದೇ ಬರೆದನು, ಬರೆದುದನ್ನು ನಂಬಿಯೂ ಇದ್ದನು. ಆದರೆ ಆ ದಿನ ಊರನ್ನು ಕಾಯುತ್ತಿದ್ದ ಸೇನಾಪತಿ ಆರ್ಥರ್ ಆಸ್ಟನ್ ಸ್ವತಃ ಇಂಗ್ಲಿಷನು. ಅವನ ಸೈನಿಕರಲ್ಲಿಯೂ ಇಂಗ್ಲಿಷ್ ರಾಜಪಕ್ಷದವರು ಅನೇಕರಿದ್ದರು. ಇಂಗ್ಲಿಷರು ಒಂದು ಕಡೆ, ಐರಿಷರು ಇನ್ನೊಂದು ಕಡೆ ಎಂಬ ಸರಳ ರೇಖೆಯನ್ನು ಎಳೆಯಹೊರಟವರಿಗೆ ಈ ಗೋಪುರದ ಅಡಿಯಲ್ಲಿಯೇ ಕೈ ತಡೆಯುತ್ತದೆ.

ಪಟ್ಟಣದಿಂದ ಕೆಲವು ಮೈಲಿಗಳ ದೂರದಲ್ಲಿ ಮೆಲ್ಲಿಫಾಂಟ್ ಎಂಬ ಹಾಳು ಮಠವಿದೆ. 1142ರಲ್ಲಿ ಸ್ಥಾಪಿತವಾದ ಇದು ಐರ್ಲೆಂಡಿನಲ್ಲಿ ಸಿಸ್ಟರ್ಷಿಯನ್ ಸಂನ್ಯಾಸಿಗಳ ಮೊದಲನೆಯ ಮಠ. ಈಗ ಅಲ್ಲಿ ಗೋಡೆಗಳ ತಳಗಟ್ಟು, ಸಂನ್ಯಾಸಿಗಳು ಊಟಕ್ಕೆ ಮುಂಚೆ ಕೈ ತೊಳೆಯುತ್ತಿದ್ದ ಎಂಟು ಮುಖದ ಮಂಟಪದ ಅರ್ಧಭಾಗ, ಇಷ್ಟು ಮಾತ್ರ ಉಳಿದಿದೆ. ಆ ಮಂಟಪದ ಕಮಾನುಗಳ ಕೆಳಗೆ ಹುಲ್ಲಿನ ಮೇಲೆ ಕುಳಿತು ನಾನು ಕಾಲಕ್ರಮವನ್ನು ನೆನೆದುಕೊಂಡೆನು. 1155ರಲ್ಲಿ, ಪೋಪ್ ಪೀಠವನ್ನೇರಿದ ಏಕೈಕ ಇಂಗ್ಲಿಷನಾದ ನಾಲ್ಕನೆಯ ಏಡ್ರಿಯನ್, ಐರ್ಲೆಂಡಿನ ಧರ್ಮವ್ಯವಸ್ಥೆಯನ್ನು ತಿದ್ದುವ ಕಾರ್ಯಕ್ಕಾಗಿ ಅಲ್ಲಿಗೆ ಹೋಗಲು ಇಂಗ್ಲೆಂಡಿನ ಎರಡನೆಯ ಹೆನ್ರಿಗೆ ಅನುಮತಿಯಿತ್ತನೆಂದು ಹೇಳುವ ಶಾಸನವೊಂದು ಪ್ರಸಿದ್ಧವಾಗಿದೆ. ಅದರ ಪ್ರಾಮಾಣ್ಯವನ್ನು ಕುರಿತು ವಿದ್ವಾಂಸರಲ್ಲಿ ವಾದವಿದ್ದರೂ, 1171ರಲ್ಲಿ ಹೆನ್ರಿಯು ಐರ್ಲೆಂಡಿಗೆ ಬಂದಿಳಿದುದರಲ್ಲಿ ವಾದವಿಲ್ಲ. ಅಂದರೆ, ಮುಂದೆ ಪೋಪನ ಮತವನ್ನು ತುಳಿಯುವುದಕ್ಕೆ ಸಾಧನವಾದ ಇಂಗ್ಲಿಷ್ ಪ್ರಭುತ್ವವು ಮೊದಲು ಆ ದ್ವೀಪವನ್ನು ಪ್ರವೇಶಿಸಿದುದು ಪೋಪನ ಹೆಸರಿನಲ್ಲಿಯೇ. 1366ರಲ್ಲಿ ಕಿಲ್ಕೆನ್ನಿಯಲ್ಲಿ ಮಾಡಿದ ಶಾಸನಗಳು ಇಂಗ್ಲಿಷ್ ವಲಸೆಗಾರರು ಐರಿಷ್ ಭಾಷೆಯನ್ನಾಡಕೂಡದು, ಐರಿಷರೊಡನೆ ವಿವಾಹಸಂಬಂಧ ಬೆಳೆಸಕೂಡದು ಎಂದು ವಿಧಿಸಿದಾಗ, ವಿಧಿಸಿದವರೂ ವಿಧಿಗೊಳಗಾದವರೂ ಒಂದೇ ಮತದವರು. ಒಂದೇ ಲ್ಯಾಟಿನ್ ಭಾಷೆಯಲ್ಲಿ ಒಂದೇ ಬಲಿಪೂಜೆಯನ್ನು ಕೇಳುತ್ತಿದ್ದವರು. ಗೆದ್ದವರಿಗೂ ಸೋತವರಿಗೂ ಇರುವ ದ್ವೇಷಕ್ಕೆ ಮತಭೇದ ಬೇಕಾಗಿರಲಿಲ್ಲ.

ಮತಭೇದ ಬಂದುದು ಆಮೇಲೆ. ಎಂಟನೆಯ ಹೆನ್ರಿ 1534ರಲ್ಲಿ ಇಂಗ್ಲೆಂಡಿನ ಚರ್ಚಿಗೆ ತಾನೇ ಶಿರಸ್ಸೆಂದು ಸಾರಿದ ಮೇಲೆ, ಐರ್ಲೆಂಡಿನ ಮಠಗಳನ್ನೂ ಮುಚ್ಚಿಸಿದನು; ಮೆಲ್ಲಿಫಾಂಟ್ 1539ರಲ್ಲಿ ಮುಚ್ಚಿತು. ಹೊಸ ಮತವು ಇಂಗ್ಲೆಂಡಿನಲ್ಲಿ ಬೇರುಬಿಟ್ಟುದಕ್ಕೆ ಒಂದು ಕಾರಣ ಅದು ದೇವರ ವಚನವನ್ನು ಜನರ ಮಾತಿನಲ್ಲಿಯೇ ಜನರ ಕೈಗಿತ್ತುದು. ಐರ್ಲೆಂಡಿನಲ್ಲಿ ಅದೇ ಮತ ಇಂಗ್ಲಿಷಿನಲ್ಲಿ ಬಂದಿತು. 1551ರಲ್ಲಿ ಡಬ್ಲಿನ್ನಿನಲ್ಲಿ ಅಚ್ಚಾದ, ಆ ದೇಶದ ಪ್ರಥಮ ಮುದ್ರಿತ ಗ್ರಂಥವೇ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ. ಐರಿಷ್ ಭಾಷೆಯಲ್ಲಿ ಹೊಸ ಒಡಂಬಡಿಕೆ ಹೊರಬರುವುದಕ್ಕೆ ಇನ್ನೂ ಅರ್ಧ ಶತಮಾನ ಹಿಡಿಯಿತು. ಅಷ್ಟರಲ್ಲಿ, 1570ರಲ್ಲಿ, ಪೋಪ್ ಐದನೆಯ ಪಯಸ್ ರಾಣಿ ಎಲಿಜಬೆತ್ತಳನ್ನು ಬಹಿಷ್ಕರಿಸಿ, ಪ್ರಜೆಗಳು ಆಕೆಗೆ ವಿಧೇಯರಾಗಿರಬೇಕಾಗಿಲ್ಲವೆಂದು ಸಾರಿದನು. ಅಲ್ಲಿಂದ ಮುಂದೆ ಇಂಗ್ಲಿಷ್ ಅಧಿಕಾರಿಯ ಕಣ್ಣಿಗೆ ಕ್ಯಾಥೊಲಿಕನಾದವನು ರಾಜದ್ರೋಹಿಯಾಗಿಯೂ, ಐರಿಷ್ ರೈತನ ಕಣ್ಣಿಗೆ ಪ್ರಾಟೆಸ್ಟಂಟನಾದವನು ಪರಕೀಯ ಆಕ್ರಮಣಕಾರನಾಗಿಯೂ ಕಾಣಿಸತೊಡಗಿದರು. ರೋಮಿನ ಆ ಘೋಷಣೆಯಿಂದ ಐರ್ಲೆಂಡಿನ ಕ್ಯಾಥೊಲಿಕರಿಗೆ ಆದ ಅಪಕಾರವನ್ನು ಅವರ ಪಕ್ಷಪಾತಿಗಳಾದ ಲೇಖಕರು ಎಷ್ಟು ಹೇಳಬೇಕೋ ಅಷ್ಟು ಹೇಳುವುದಿಲ್ಲವೆಂದು ನನಗೆ ಅನಿಸುತ್ತದೆ.

ಬಾಯ್ನ್ ನದಿಯ ಯುದ್ಧ ನಡೆದ ಓಲ್ಡ್‌ಬ್ರಿಜ್ ಎಂಬಲ್ಲಿ ಈಗ ಹುಲ್ಲುಗಾವಲು, ಕಾಲುವೆಯ ಪಕ್ಕದ ಕಾಲುದಾರಿ, ಹಳೆಯ ಬಂಗಲೆಯೊಂದರಲ್ಲಿ ವಸ್ತುಪ್ರದರ್ಶನ. 1690ರ ಜುಲೈಯಲ್ಲಿ ಈ ಆಳವಿಲ್ಲದ ನೀರನ್ನು ದಾಟಿ ಪ್ರಾಟೆಸ್ಟಂಟನಾದ ವಿಲಿಯಂ ರಾಜನ ಸುಮಾರು 36,000 ಸೈನಿಕರು ಅವನ ಮಾವನೇ ಆದ ಕ್ಯಾಥೊಲಿಕ್ ಜೇಮ್ಸ್ ರಾಜನ ಸುಮಾರು 25,000 ಮಂದಿಯನ್ನು ಸೋಲಿಸಿದರು. ಉತ್ತರ ಐರ್ಲೆಂಡಿನ ಪ್ರಾಟೆಸ್ಟಂಟರು ಇಂದಿಗೂ ಪ್ರತಿವರ್ಷ ಜುಲೈ 12ರಂದು ಭೇರಿ ಬಾರಿಸಿ ಮೆರವಣಿಗೆ ಹೊರಡುವುದು ಈ ಜಯದ ಸ್ಮರಣೆಗಾಗಿ. ಆದರೆ ವಿಲಿಯಂನ ಡಚ್ ಕಾವಲುಪಡೆಯಲ್ಲಿ ಕ್ಯಾಥೊಲಿಕರೂ ಇದ್ದರು. ಜೇಮ್ಸನ ಬೆಂಬಲಕ್ಕಿದ್ದ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಬಲಕ್ಕೆ ಅಂಜಿದ್ದ ರೋಮಿನ ಸಹಾನುಭೂತಿ ಆ ದಿನಗಳಲ್ಲಿ ಲೂಯಿಯ ವಿರೋಧಿಗಳ ಕಡೆಗೆ ಒಲಿದಿತ್ತು. ಯೂರೋಪಿನ ರಾಜಕಾರಣದಲ್ಲಿ ಇಷ್ಟು ತೊಡಕಾಗಿದ್ದ ಯುದ್ಧವು, ಐರ್ಲೆಂಡಿನ ಮಣ್ಣಿನ ಮೇಲೆ ಮಾತ್ರ, ಗೆದ್ದ ಮತ ಸೋತ ಮತ ಎಂಬ ಎರಡೇ ಪದಗಳಲ್ಲಿ ಉಳಿದುದೇಕೆ?

ಇದಕ್ಕೆ ಉತ್ತರವು ಯುದ್ಧಭೂಮಿಯಲ್ಲಿಲ್ಲ, ಅನಂತರದ ಕಾನೂನಿನಲ್ಲಿದೆ. 1641ರಲ್ಲಿ ಐರ್ಲೆಂಡಿನ ಭೂಮಿಯಲ್ಲಿ ನೂರಕ್ಕೆ ಸುಮಾರು 60 ಪಾಲು ಕ್ಯಾಥೊಲಿಕರ ಒಡೆತನದಲ್ಲಿದ್ದಿತು. ಕ್ರಾಮ್‌ವೆಲ್ಲನ ಅನಂತರದ ಮುಟ್ಟುಗೋಲುಗಳ ಫಲವಾಗಿ 1688ರ ವೇಳೆಗೆ ಅದು ಸುಮಾರು 22 ಪಾಲಾಯಿತು. ಬಾಯ್ನ್ ಯುದ್ಧವಾದ ಮೇಲೆ 1703ರ ಹೊತ್ತಿಗೆ ಸುಮಾರು 14. ದಂಡನಾ ಶಾಸನಗಳೆಂದು ಕುಖ್ಯಾತವಾದ ಕಾನೂನುಗಳು ಈ ಉಳಿದ ಅಲ್ಪವನ್ನೂ ಕರಗಿಸುವುದಕ್ಕೆ ರಚಿತವಾದವು. ಕ್ಯಾಥೊಲಿಕನು ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಇಟ್ಟುಕೊಳ್ಳಕೂಡದು. ಅವನ ಬಿಷಪ್ಪರು ದೇಶವನ್ನು ಬಿಟ್ಟು ಹೋಗಬೇಕು. ಇವುಗಳಿಗಿಂತ ಸೂಕ್ಷ್ಮವೂ ಕ್ರೂರವೂ ಆದುದು 1704ರ ಶಾಸನ: ಕ್ಯಾಥೊಲಿಕ್ ಭೂಮಾಲಿಕನು ಸತ್ತರೆ ಅವನ ಆಸ್ತಿಯನ್ನು ಗಂಡುಮಕ್ಕಳೆಲ್ಲರಿಗೂ ಸಮನಾಗಿ ಹಂಚಬೇಕು, ಆದರೆ ಹಿರಿಯ ಮಗನು ಪ್ರಾಟೆಸ್ಟಂಟನಾದರೆ ಆಸ್ತಿಯೆಲ್ಲವೂ ಅವನಿಗೇ ಸಲ್ಲಬೇಕು. ಒಂದು ಮನೆಯೊಳಗೆ ಈ ಕಾನೂನು ಏನು ಮಾಡಿದ್ದೀತೆಂಬುದನ್ನು, ಭಾಗಪತ್ರದ ವ್ಯಾಜ್ಯಗಳನ್ನು ಕಂಡ ನಾವು ಸುಲಭವಾಗಿ ಊಹಿಸಬಲ್ಲೆವು. ತಂದೆಯು ಮಗನ ಪ್ರಾರ್ಥನೆಯನ್ನು ಸಂದೇಹದಿಂದ ನೋಡಬೇಕು. ತಮ್ಮನು ಅಣ್ಣನ ಭಕ್ತಿಯನ್ನು ಲೆಕ್ಕ ಹಾಕಬೇಕು. ದೇವರನ್ನು ಹೇಗೆ ಕರೆಯುತ್ತೀ ಎಂಬ ಪ್ರಶ್ನೆಗೂ ಹೊಲ ಯಾರದು ಎಂಬ ಪ್ರಶ್ನೆಗೂ ಒಂದೇ ಉತ್ತರವಾಗುವಂತೆ ಮಾಡಿದುದು ಈ ಶಾಸನಗಳ ದೊಡ್ಡ ಪಾಪ. ಒಂದು ಗಿಡದ ಬೇರಿಗೆ ಇನ್ನೊಂದರ ಕೊಂಬೆಯನ್ನು ಕಸಿಮಾಡಿದಂತೆ ಮತವನ್ನು ಭೂಮಿಗೆ ಕಟ್ಟಿದರು. ಆಮೇಲೆ ಬೆಳೆದ ಮರದಲ್ಲಿ ಯಾವುದು ಎಲ್ಲಿ ಮುಗಿಯಿತೆಂದು ತೋರಿಸುವುದು ಯಾರಿಂದಲೂ ಆಗದಾಯಿತು. ಬಿಷಪ್ಪರನ್ನು ಒಪ್ಪದ ಪ್ರೆಸ್ಬಿಟೇರಿಯನ್ನರು ಪ್ರಾಟೆಸ್ಟಂಟರೇ ಆಗಿದ್ದರೂ ಅವರನ್ನೂ ಕಾನೂನು ಅಧಿಕಾರದಿಂದ ದೂರವಿಟ್ಟಿತು. ಬಡ ಕ್ಯಾಥೊಲಿಕ್ ಗೇಣಿದಾರನಂತೆ ಅವರೂ ತಮ್ಮದಲ್ಲದ ಚರ್ಚಿಗೆ ದಶಮಾಂಶ ತೆರಬೇಕಾಯಿತು.

ಇದೇ ನದಿಯನ್ನು ಹಿಡಿದು ಮೇಲಕ್ಕೆ ಹೋದರೆ ಟ್ರಿಮ್ ಎಂಬ ಊರು ಸಿಕ್ಕುತ್ತದೆ. ಅಲ್ಲಿ ಎತ್ತರವಾದ ಸ್ತಂಭವೊಂದರ ಮೇಲೆ ನಿಂತಿರುವವನು, ಆ ಊರಿನ ಪರವಾಗಿ ಐರಿಷ್ ಪಾರ್ಲಿಮೆಂಟಿನಲ್ಲಿ ಕುಳಿತಿದ್ದ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸೈನ್ಯದೊಡನಿದ್ದ ಅದೇ ವೆಲ್ಲೆಸ್ಲಿ. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲನ್ನು ತೆರೆದ 1829ರ ಶಾಸನವು, ಡೇನಿಯಲ್ ಓಕಾನೆಲ್ಲನು ಹೂಡಿದ ಮಹಾಚಳವಳಿಯ ಒತ್ತಡದಿಂದ ಬಂದಿತಾದರೂ, ಅದನ್ನು ಇಷ್ಟವಿಲ್ಲದ ರಾಜನಿಂದ ಒಪ್ಪಿಸಿದವನು ಆಗ ಪ್ರಧಾನಿಯಾಗಿದ್ದ ಈ ಸೇನಾನಿಯೇ. ನಮ್ಮ ನಾಡಿನ ನೆನಪಿನಲ್ಲಿ ಅವನಿಗೆ ಇರುವ ಸ್ಥಾನ ಬೇರೆ. ಆದರೆ ಅಂತಃಕಲಹದ ಭಯದಿಂದಲಾದರೂ ಅವನು ಮಾಡಿದ ನ್ಯಾಯವನ್ನು ನ್ಯಾಯವೆಂದೇ ಹೇಳಬೇಕು.

ಡ್ರೊಹೆಡಾದಿಂದ ಬೆಲ್‌ಫಾಸ್ಟಿಗೆ ಹೋಗುವ ರೈಲಿನಲ್ಲಿ ಪೋರ್ಟಡೌನ್ ಎಂಬ ನಿಲ್ದಾಣದಲ್ಲಿ ಇಳಿದೆನು. ಬ್ಯಾನ್ ನದಿ ಈ ಊರಿನ ನಡುವೆ ಹರಿಯುತ್ತದೆ. 1609ರಿಂದ ಅಲ್ಸ್ಟರ್ ಪ್ರಾಂತದ ಭೂಮಿಯನ್ನು ಕಿತ್ತುಕೊಂಡು ಇಂಗ್ಲಿಷ್ ಮತ್ತು ಸ್ಕಾಟಿಷ್ ಪ್ರಾಟೆಸ್ಟಂಟರನ್ನು ನೆಲೆಗೊಳಿಸಿದ್ದರ ಪ್ರತೀಕಾರವಾಗಿ 1641ರಲ್ಲಿ ಐರಿಷರು ದಂಗೆಯೆದ್ದಾಗ, ಸುಮಾರು ನೂರು ಮಂದಿ ಪ್ರಾಟೆಸ್ಟಂಟರನ್ನು, ಹೆಂಗಸರು ಮಕ್ಕಳೆನ್ನದೆ, ಇಲ್ಲಿಯ ಸೇತುವೆಯಿಂದ ನೀರಿಗೆ ತಳ್ಳಿ ಕೊಂದರು. ಡ್ರೊಹೆಡಾದ ಗೋಪುರಕ್ಕಾಗಿ ಕಣ್ಣೀರಿಡುವವರು ಪೋರ್ಟಡೌನಿನ ಈ ನೀರನ್ನೂ ನೋಡಬೇಕು. ಕ್ರಾಮ್‌ವೆಲ್ಲನ ಸೈನಿಕರ ಮನಸ್ಸಿನಲ್ಲಿ ಈ ಸುದ್ದಿ, ಅತಿರಂಜಿತವಾಗಿ ಬೆಳೆದು, ಎಂಟು ವರ್ಷಗಳ ಕಾಲ ಕುದಿದಿದ್ದಿತು.

ಅಲ್ಲಿಂದ ಬಸ್ಸು ಹಿಡಿದರೆ ಆರ್ಮಾ ಬಹಳ ದೂರವಲ್ಲ. ಈ ಚಿಕ್ಕ ನಗರದಲ್ಲಿ ಎದುರುಬದುರಾದ ಎರಡು ಗುಡ್ಡಗಳ ಮೇಲೆ ಎರಡು ಮಹಾದೇವಾಲಯಗಳಿವೆ. ಎರಡಕ್ಕೂ ಸಂತ ಪ್ಯಾಟ್ರಿಕ್ಕನ ಹೆಸರು. ಐದನೆಯ ಶತಮಾನದಲ್ಲಿ ಅವನೇ ಕಟ್ಟಿಸಿದನೆನ್ನುವ ಹಳೆಯ ಸ್ಥಾನವು, ಮತಸುಧಾರಣೆಯ ಕಾಲದಲ್ಲಿ, ಪ್ರಾಟೆಸ್ಟಂಟರ ವಶವಾಯಿತು. ಕೆಂಗಲ್ಲಿನ, ಕುಳ್ಳಾದ ಚೌಕಗೋಪುರದ ಆ ದೇವಾಲಯದ ಹೊರಗೋಡೆಯಲ್ಲಿ ಐರಿಷರ ಮಹಾರಾಜ ಬ್ರಯನ್ ಬೊರುವಿನ ಸಮಾಧಿಯನ್ನು ಸೂಚಿಸುವ ಕಲ್ಲಿದೆ. ಎದುರಿನ ಗುಡ್ಡದ ಮೇಲೆ, ಎರಡು ಚೂಪು ಶಿಖರಗಳ ಕ್ಯಾಥೊಲಿಕ್ ದೇವಾಲಯವನ್ನು 1840ರಲ್ಲಿ ಕಟ್ಟತೊಡಗಿದರು. ನಡುವೆ ಆಲೂಗೆಡ್ಡೆಯ ರೋಗದಿಂದ ಮಹಾಕ್ಷಾಮ ಬಂದು ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಕಟ್ಟಡದ ಹಣ ಹಸಿದವರ ಪಾಲಾಗಿ, ಕೆಲಸ ನಿಂತು, ಮತ್ತೆ ಸಾಗಿ, 1904ರಲ್ಲಿ ಪೂರ್ಣಪ್ರತಿಷ್ಠೆಯಾಯಿತು. ಇಬ್ಬರು ಮಹಾಧರ್ಮಾಧ್ಯಕ್ಷರಿಗೂ ಬಿರುದು ಒಂದೇ: ಆರ್ಮಾದ ಆರ್ಚ್‌ಬಿಷಪ್, ಸಮಗ್ರ ಐರ್ಲೆಂಡಿನ ಪ್ರಧಾನ ಧರ್ಮಾಧ್ಯಕ್ಷ. ಒಂದು ಗುಡ್ಡದ ಮೆಟ್ಟಿಲುಗಳನ್ನಿಳಿದು ಇನ್ನೊಂದನ್ನೇರಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೇಲೇರಿದಾಗ ಕ್ಯಾಥೊಲಿಕ್ ದೇವಾಲಯದ ಒಳಗೋಡೆಯ ಬಣ್ಣಗಲ್ಲಿನ ಚಿತ್ರಗಳನ್ನು ಒರೆಸುತ್ತಿದ್ದ ವೃದ್ಧರೊಬ್ಬರು, ನಾನು ಎದುರಿನಿಂದ ಬಂದೆನೆಂದು ತಿಳಿದು, “ಅಲ್ಲಿ ಈಗ ಚಾವಣಿಯ ರಿಪೇರಿ ಮುಗಿಯಿತೆ?” ಎಂದು ವಿಚಾರಿಸಿದರು. ಅವರ ಧ್ವನಿಯಲ್ಲಿ ನೆರೆಮನೆಯವರ ಕಾಳಜಿಯೇ ಇದ್ದಿತು. ಎಂದಾದರೂ ಒಳಗೆ ಹೋಗಿ ನೋಡಿದ್ದೀರಾ ಎಂದು ಕೇಳಿದೆನು. ಗೆಳೆಯನೊಬ್ಬನ ಶವಸಂಸ್ಕಾರಕ್ಕೆ ಹೋಗಿದ್ದುಂಟು, ಹಿಂದೆ ತಮ್ಮ ತಂದೆಯ ಕಾಲದಲ್ಲಿ ಅದಕ್ಕೂ ಹೊರಗೇ ನಿಲ್ಲುತ್ತಿದ್ದರು ಎಂದರು.

ಆರ್ಮಾದಿಂದ ನಾನು ಹೋದುದು ಡೆರಿ ಎಂಬ ನಗರಕ್ಕೆ. ಅದರ ಕೋಟೆಯ ಪ್ರಾಕಾರ ಸುಮಾರು ಒಂದೂವರೆ ಕಿಲೋಮೀಟರು. 1613ರಿಂದ 1618ರವರೆಗೆ ಲಂಡನ್ನಿನ ವರ್ತಕಸಂಘಗಳು ಕಟ್ಟಿಸಿದುದು, ಇಂದಿಗೂ ಎಲ್ಲಿಯೂ ಮುರಿಯದೆ ನಿಂತಿದೆ. ಜೇಮ್ಸನ ಸೈನ್ಯ 1689ರಲ್ಲಿ ಇದನ್ನು 105 ದಿನ ಮುತ್ತಿದ್ದಿತು. ಒಳಗಿದ್ದ ಪ್ರಾಟೆಸ್ಟಂಟರು ನಾಯಿ ಇಲಿಗಳನ್ನು ತಿಂದು, ಜ್ವರದಿಂದ ಸಹಸ್ರಗಟ್ಟಲೆ ಸತ್ತರೂ, ಶರಣಾಗಲಿಲ್ಲ. ಸಂತ ಕೊಲಂಬನ ಕೆಥೀಡ್ರಲ್ಲಿನ ಮುಖಮಂಟಪದಲ್ಲಿ ಆ ಕಾಲದ ಒಂದು ಫಿರಂಗಿ ಗುಂಡನ್ನು ಇರಿಸಿದ್ದಾರೆ: ಕುಂಬಳದಷ್ಟು ದಪ್ಪನಾದ, ಒಳಗೆ ಟೊಳ್ಳಾದ ಕಬ್ಬಿಣ. ಶರಣಾಗತಿಯ ಕರಾರುಗಳನ್ನು ಬರೆದ ಕಾಗದವನ್ನು ಅದರೊಳಗಿಟ್ಟು ಕೋಟೆಯೊಳಕ್ಕೆ ಹಾರಿಸಿದ್ದರು. ಈ ಮುತ್ತಿಗೆಯ ನೆನಪು ಅಲ್ಸ್ಟರಿನ ಪ್ರಾಟೆಸ್ಟಂಟನಿಗೆ ಏನೆಂಬುದು ತಿಳಿಯದಿದ್ದರೆ, ಐರ್ಲೆಂಡಿಗೆ ಸ್ವಯಮಾಡಳಿತ ಬರುವುದೆಂದಾಗ 1912ರಲ್ಲಿ ಸುಮಾರು ಐದು ಲಕ್ಷ ಜನ ಅದರ ವಿರುದ್ಧ ಪ್ರತಿಜ್ಞಾಪತ್ರಗಳಿಗೆ ಸಹಿ ಹಾಕಿದುದು ಅರ್ಥವಾಗುವುದಿಲ್ಲ. ಅವರ ಭಯ ಕೇವಲ ಕಲ್ಪಿತವೂ ಅಲ್ಲ. ಪಾದ್ರಿಯ ಮುಂದೆ ನಡೆಯದ ಮಿಶ್ರವಿವಾಹವನ್ನು ವಿವಾಹವೇ ಅಲ್ಲವೆಂದು ಅನೂರ್ಜಿತಗೊಳಿಸಿದ ರೋಮಿನ ಆಜ್ಞೆ 1908ರಲ್ಲಿ ಜಾರಿಗೆ ಬಂದಿದ್ದಿತು. ಬಹುಸಂಖ್ಯಾತರ ಮತಪೀಠವು ನಾಳೆ ತಮ್ಮ ಮನೆಯೊಳಗೂ ಕೈಯಿಟ್ಟೀತೆಂದು ಅವರು ಅಂಜಿದರು.

ಅದೇ ಪ್ರಾಕಾರದ ಮೇಲಿಂದ ಕೆಳಗೆ ನೋಡಿದರೆ ಬಾಗ್‌ಸೈಡ್, ಕ್ಯಾಥೊಲಿಕರ ಕೇರಿ. ಕೋಟೆಯ ಮೇಲಿನ ಫಿರಂಗಿಗಳ ಬಾಯಿಗಳು ಈಗಲೂ ಹೊರಮುಖವಾಗಿಯೇ ಇವೆ. ಉತ್ತರ ಭಾಗವನ್ನು ಬ್ರಿಟನ್ನಿಗೇ ಉಳಿಸಿದ 1921ರ ದೇಶವಿಭಜನೆಯ ಅನಂತರ, ಈ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚು ಮಂದಿಯಾಗಿದ್ದರೂ, ಕ್ಷೇತ್ರಗಳ ಗಡಿಯನ್ನು ಕುಟಿಲವಾಗಿ ಎಳೆದು ನಗರಸಭೆಯನ್ನು ದಶಕಗಳ ಕಾಲ ಪ್ರಾಟೆಸ್ಟಂಟರ ಪಕ್ಷವೇ ಹಿಡಿದಿಟ್ಟುಕೊಂಡಿತು. ಸ್ಥಳೀಯ ಚುನಾವಣೆಯಲ್ಲಿ ಮತಾಧಿಕಾರವು ಮನೆಯ ಯಜಮಾನಿಕೆಯನ್ನು ಅವಲಂಬಿಸಿದ್ದುದರಿಂದ, ಒಬ್ಬನಿಗೆ ಸರಕಾರಿ ಮನೆ ಕೊಡುವುದೆಂದರೆ ಓಟು ಕೊಡುವುದೆಂದೇ ಅರ್ಥ. ಆದಕಾರಣ ಮನೆಗಳನ್ನು ಕೊಡದೆ ಇರುವುದೇ ನೀತಿಯಾಯಿತು. 1968ರಲ್ಲಿ ಟೈರೋನ್ ಪ್ರಾಂತದ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ, ಮಕ್ಕಳೊಂದಿಗರಾದ ಕ್ಯಾಥೊಲಿಕ್ ಸಂಸಾರಗಳು ಕಾದಿರುವಾಗ ಮನೆಯೊಂದನ್ನು ಹತ್ತೊಂಬತ್ತು ವರ್ಷ ವಯಸ್ಸಿನ ಅವಿವಾಹಿತ ಪ್ರಾಟೆಸ್ಟಂಟ್ ತರುಣಿಗೆ ಕೊಟ್ಟರು; ನಾಗರಿಕ ಹಕ್ಕುಗಳ ಮೆರವಣಿಗೆಗಳು ಅಲ್ಲಿಂದ ಬಿರುಸಾದವು. ಹದಿನೇಳನೆಯ ಶತಮಾನದಲ್ಲಿ ಹೊಲ, ಇಪ್ಪತ್ತನೆಯದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕೇಳುವ ಪ್ರಶ್ನೆ ಮಾತ್ರ ಬದಲಾಗಲಿಲ್ಲ, ನಿನ್ನ ಚರ್ಚು ಯಾವುದು ಎಂಬುದು. 1972ರ ಜನವರಿ 30ರಂದು ಇದೇ ಬಾಗ್‌ಸೈಡಿನಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಜನರ ಮೇಲೆ ಗುಂಡು ಹಾರಿಸಿದಾಗ 13 ಮಂದಿ ಆ ದಿನವೇ ಸತ್ತರು, ಇನ್ನೊಬ್ಬರು ಆಮೇಲೆ. ಅದು ಸಮರ್ಥಿಸಲಾಗದ ಕೃತ್ಯವೆಂದು ಬ್ರಿಟನ್ನಿನ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದುದು 2010ರಲ್ಲಿ.

ಬೆಲ್‌ಫಾಸ್ಟಿನಲ್ಲಿ ನನಗೆ ಮೊದಲು ನೆನಪಾದವರು ಜೇಮ್ಸ್ ಕಸಿನ್ಸ್. 1873ರಲ್ಲಿ ಈ ನಗರದ ಪ್ರಾಟೆಸ್ಟಂಟ್ ಮನೆಯೊಂದರಲ್ಲಿ ಹುಟ್ಟಿ, ಐರಿಷ್ ಪುನರುಜ್ಜೀವನಕ್ಕೆ ಮನಸೋತು, ಅನಿಬೆಸೆಂಟರ ಕರೆಯ ಮೇರೆಗೆ ಭಾರತಕ್ಕೆ ಬಂದ ಆ ಕವಿಯೇ 1924ರಲ್ಲಿ, ಮೈಸೂರಿನಲ್ಲಿ ತನ್ನೆದುರಿಗೆ ಇಂಗ್ಲಿಷ್ ಕವಿತೆಗಳನ್ನು ಹಿಡಿದು ನಿಂತ ತರುಣ ಪುಟ್ಟಪ್ಪನವರಿಗೆ, ಕನ್ನಡದಲ್ಲಿ ಬರೆಯಿರೆಂದು ಹೇಳಿದುದು.  ತನ್ನ ಜನದ ಮಾತನ್ನು ಕಳೆದುಕೊಂಡು ಪರರ ಮಾತಿನಲ್ಲಿಯೇ ಹಾಡಬೇಕಾಗಿ ಬಂದವನ ಅನುಭವದಿಂದ ಹೊರಟ ಬುದ್ಧಿವಾದವದು ಎಂದು ನಾನು ನಂಬುತ್ತೇನೆ. 1791ರಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಪ್ರೆಸ್ಬಿಟೇರಿಯನ್ ಎಂಬ ಹೆಸರುಗಳನ್ನು ಅಳಿಸಿ ಐರಿಷನೆಂಬ ಒಂದೇ ಹೆಸರನ್ನು ಹಿಡಿಯಬೇಕೆಂದು ಸಂಘ ಕಟ್ಟಿದವರೂ ಇದೇ ನಗರದ ಪ್ರೆಸ್ಬಿಟೇರಿಯನ್ನರು. ಕಸಿನ್ಸರಂಥವರು ಇಲ್ಲಿ ಆಕಸ್ಮಿಕವಾಗಿ ಹುಟ್ಟಿದವರಲ್ಲ.

ನಗರದ ಪಶ್ಚಿಮಭಾಗದಲ್ಲಿ ಕ್ಯಾಥೊಲಿಕರ ಫಾಲ್ಸ್ ರಸ್ತೆಗೂ ಪ್ರಾಟೆಸ್ಟಂಟರ ಶ್ಯಾಂಕಿಲ್ ರಸ್ತೆಗೂ ನಡುವೆ ಗೋಡೆಯುಂಟು. ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದಕ್ಕೂ ಮೇಲೆ ತಂತಿಬಲೆ. ಎರಡಂತಸ್ತಿನ ಮನೆಗಿಂತ ಎತ್ತರ. 1969ರ ಆಗಸ್ಟಿನಲ್ಲಿ ಗುಂಪೊಂದು ಬಂದು ಬಾಂಬೆ ಸ್ಟ್ರೀಟ್ ಎಂಬ ಕ್ಯಾಥೊಲಿಕರ ಬೀದಿಯನ್ನು ಸುಟ್ಟ ಮೇಲೆ ಇಂಥ ಗೋಡೆಗಳು ಎದ್ದವು. ಆ ಬೀದಿಯನ್ನು ಮತ್ತೆ ಕಟ್ಟಿದ್ದಾರೆ. ಮನೆಗಳ ಹಿತ್ತಿಲಿನ ಮೇಲೆ, ಗೋಡೆಯಾಚೆಯಿಂದ ಬೀಳುವ ಕಲ್ಲುಗಳನ್ನು ತಡೆಯಲು, ಕೋಳಿಗೂಡಿನ ಹಾಗೆ ಕಬ್ಬಿಣದ ಬಲೆಯನ್ನು ಹೊದಿಸಿದ್ದಾರೆ. ಪಕ್ಕದಲ್ಲೇ ಇರುವ ಕ್ಲೊನಾರ್ಡ್ ಮಠದಲ್ಲಿ, ಆಲೆಕ್ ರೀಡ್ ಎಂಬ ಪಾದ್ರಿ, ಪರಸ್ಪರ ಮಾತನಾಡಲೊಲ್ಲದ ನಾಯಕರನ್ನು ಗುಟ್ಟಾಗಿ ಕುಳ್ಳಿರಿಸಿ ಮಾತನಾಡಿಸಿದರು. 3,500ಕ್ಕೂ ಹೆಚ್ಚು ಮಂದಿಯನ್ನು ಬಲಿಗೊಂಡ ಮೂರು ದಶಕಗಳ ಹಿಂಸೆಯ ಅನಂತರ 1998ರ ಏಪ್ರಿಲ್ 10ರ ಒಪ್ಪಂದಕ್ಕೆ ಹಾದಿಯಾದ ಸಂಭಾಷಣೆಗಳಲ್ಲಿ ಅವೂ ಸೇರಿದ್ದುವು. ಇಷ್ಟು ಕಾಲ ಕಲಹಕ್ಕೆ ಹೆಸರು ಕೊಟ್ಟ ಮತವು ಶಾಂತಿಗೂ ಒಂದು ಕೋಣೆಯನ್ನು ಕೊಟ್ಟಿತೆಂಬುದನ್ನು ನಾನು ಕೃತಜ್ಞತೆಯಿಂದ ಬರೆಯುತ್ತೇನೆ.

ಈ ಗೋಡೆಗಳನ್ನೆಲ್ಲ 2023ರೊಳಗೆ ತೆಗೆದುಹಾಕುವುದಾಗಿ ಸರಕಾರವು 2013ರಲ್ಲಿ ಸಾರಿತ್ತು, ತೆಗೆಯಲಿಲ್ಲ. ಬಾಂಬೆ ಸ್ಟ್ರೀಟಿನ ಒಂದು ಮನೆಯ ಮುಂದೆ ಹೂಕುಂಡಗಳಿಗೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರನ್ನು, ಗೋಡೆ ಬಿದ್ದರೆ ನಿಮಗೆ ಭಯವೇ ಎಂದು ಕೇಳಿದೆನು. ಗೋಡೆಯ ವಿಷಯ ಬಿಡಿ, ಮಕ್ಕಳ ಶಾಲೆಯ ವಿಷಯ ಕೇಳಿ ಎಂದರು ಅವರು. ಎರಡೂ ಮತದ ಮಕ್ಕಳು ಕೂಡಿ ಓದುವ ಮೊದಲನೆಯ ಶಾಲೆ ಲಗನ್ ಕಾಲೇಜು 1981ರಲ್ಲಿ 28 ವಿದ್ಯಾರ್ಥಿಗಳಿಂದ ಆರಂಭವಾಗಿ ದೊಡ್ಡದಾಗಿ ಬೆಳೆದಿದೆ. ಆದರೂ ಇಂದಿಗೂ ಅಂಥ ಶಾಲೆಗಳಿಗೆ ಹೋಗುವವರು ನೂರಕ್ಕೆ ಹತ್ತು ಮಕ್ಕಳೂ ಇಲ್ಲ. “ನನ್ನ ಮಗಳು ಹಿರಿಯವನಿಗೆ ಅಲ್ಲಿಯ ಅರ್ಜಿ ತಂದಿಟ್ಟಿದ್ದಳು,” ಎಂದರು. “ಎರಡು ಬಸ್ಸು ಬದಲಾಯಿಸಬೇಕಾಗುತ್ತಿತ್ತು. ಅದಕ್ಕೇ ನಾವೆಲ್ಲ ಓದಿದ ಪಾದ್ರಿಗಳ ಶಾಲೆಗೇ ಹಾಕಿದಳು. ಅವನಿಗೆ ಹನ್ನೆರಡು ತುಂಬಿತು. ಆ ಕಡೆಯ ಒಬ್ಬ ಹುಡುಗನ ಹೆಸರೂ ಗೊತ್ತಿಲ್ಲ. ಕಿರಿಯವಳಿಗೆ ಮತ್ತೆ ಅರ್ಜಿ ತಂದಿದ್ದಾಳೆ.” ಬಸ್ಸು ಈಗಲೂ ಎರಡೇ ಅಲ್ಲವೆ ಎಂದೆನು. ಎರಡೇ, ಆದರೆ ಈ ಸಲ ನಾನೇ ಜೊತೆಗೆ ಹೋಗಿ ಬಿಟ್ಟು ಬರುವುದಾಗಿ ಮಗಳಿಗೆ ಹೇಳಿದ್ದೇನೆ ಎಂದು ಆ ಅಜ್ಜಿ ಹೇಳಿದರು.